ಚಿತ್ರದೊಳಗಿನ ಹೆಣ್ಣು: ಬರೆದವರಾರು, ಬರೆಸಿದವರಾರು, ನೋಡುವವರಾರು

ಸುಸನ್ನಳ ಕಥೆ ದಾನಿಯೇಲನ ಗ್ರಂಥದ ಜೊತೆ ಸೇರಿಕೊಂಡು ಬಂದದ್ದು. ತೋಟದಲ್ಲಿ ಸ್ನಾನಕ್ಕಿಳಿದ ಗೃಹಿಣಿಯನ್ನು ಊರಿನ ಇಬ್ಬರು ಹಿರಿಯರು ಕದ್ದು ನೋಡುತ್ತಾರೆ. ತಮ್ಮ ಆಸೆಗೆ ಒಪ್ಪದಿದ್ದರೆ ಹಾದರದ ಆರೋಪ ಹೊರಿಸುತ್ತೇವೆ ಎಂದು ಹೆದರಿಸುತ್ತಾರೆ. ಅವಳು ಒಪ್ಪುವುದಿಲ್ಲ. ಯುರೋಪಿನ ಚಿತ್ರಕಾರರು ಮತ್ತೆ ಮತ್ತೆ ಕೈಗೆತ್ತಿಕೊಂಡ ಪ್ರಸಂಗ ಇದು. ಆ ಚಿತ್ರಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ವೆನಿಸ್ಸಿನ ಟಿಂಟೊರೆಟ್ಟೊ 1555ರ ಸುಮಾರಿಗೆ ಬರೆದ ಸುಸನ್ನ ಈಗ ವಿಯೆನ್ನಾದಲ್ಲಿದೆ. ಕೊಳದ ಅಂಚಿನಲ್ಲಿ ಕುಳಿತು, ಒಂದು ಕಾಲು ನೀರಿಗಿಳಿಸಿ, ಹೂಬಳ್ಳಿಯ ಬೇಲಿಗೆ ಒರಗಿಸಿದ ಕನ್ನಡಿಯನ್ನು ನೋಡಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಬಾಚಣಿಗೆ, ಮುತ್ತಿನ ಸರ, ಆಭರಣ. ಚಿತ್ರದ ಬೆಳಕೆಲ್ಲ ಅವಳ ಮೈಮೇಲೆ ಬಿದ್ದಿದೆ. ಬೇಲಿಯ ಈಚೆ ತುದಿಯಲ್ಲಿ ಒಬ್ಬ ಮುದುಕ, ಆಚೆ ತುದಿಯಲ್ಲಿ ಇನ್ನೊಬ್ಬ. ಅವಳಿಗೆ ಇಬ್ಬರೂ ಕಂಡಿಲ್ಲ, ಆದ್ದರಿಂದ ಮುಖದಲ್ಲಿ ಗಾಬರಿಯಿಲ್ಲ. ಆರ್ಟೆಮಿಸಿಯಾ ಜೆಂಟಿಲೆಸ್ಕಿ 1610ರಲ್ಲಿ ಇದೇ ಪ್ರಸಂಗವನ್ನು ಬರೆದಾಗ ಅವಳಿಗೆ ಇನ್ನೂ ಹದಿನೇಳರ ಆಸುಪಾಸು. ಇಲ್ಲಿ ತೋಟವಿಲ್ಲ, ಕನ್ನಡಿಯಿಲ್ಲ, ಒಡವೆಯಿಲ್ಲ. ಒರಟು ಕಲ್ಲಿನ ಕಟ್ಟೆ, ಹಿಂದೆ ಕಲ್ಲಿನ ಗೋಡೆ, ಅದರ ಮೇಲಿಂದ ಬಾಗಿದ ಇಬ್ಬರು ಗಂಡಸರು. ಒಬ್ಬನ ಬೆರಳು ತುಟಿಯ ಮೇಲಿದೆ, ಸದ್ದು ಮಾಡಬೇಡ ಎನ್ನುವಂತೆ. ಅವಳ ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ತಿರುಚಿದೆ. ಎರಡೂ ಕೈ ಅವರನ್ನು ತಡೆಯಲು ಮೇಲೆದ್ದಿವೆ, ಮುಖ ಸಿಂಡರಿಸಿದೆ. ತಿರುಚಿದ ಹೊಟ್ಟೆಯ ಚರ್ಮದಲ್ಲಿ ಮಡಿಕೆಗಳು ಬಿದ್ದಿವೆ.

ಕಥೆ ಒಂದೇ, ಬೆತ್ತಲೆ ಮೈಯೂ ಒಂದೇ. ಬದಲಾಗಿರುವುದು ನೋಡುಗನನ್ನು ನಿಲ್ಲಿಸಿದ ಜಾಗ. ಮೊದಲ ಚಿತ್ರದಲ್ಲಿ ನಾವು ಮೂರನೆಯ ಮುದುಕನಾಗುತ್ತೇವೆ, ಅವರಿಬ್ಬರಿಗಿಂತ ಒಳ್ಳೆಯ ಜಾಗವೇ ನಮಗೆ ಸಿಕ್ಕಿದೆ. ಎರಡನೆಯದರಲ್ಲಿ ಕದ್ದು ನೋಡುವ ಸುಖ ನಮಗೂ ದಕ್ಕುವುದಿಲ್ಲ, ಏಕೆಂದರೆ ಆ ನೋಟದ ಭಾರ ಅವಳ ಕತ್ತಿನ ಮೇಲೆ ಬಿದ್ದಿರುವುದು ಎದುರಿಗೇ ಕಾಣುತ್ತದೆ.

ಚಿತ್ರಕಲೆಯಲ್ಲಿ ಹೆಣ್ಣು ಹೇಗೆ ಕಾಣಿಸಿಕೊಂಡಳು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ನೇರ ಗೆರೆ: ಮೊದಲು ದೇವತೆ, ಆಮೇಲೆ ಭೋಗವಸ್ತು, ಕೊನೆಗೆ ಸ್ವತಂತ್ರ ವ್ಯಕ್ತಿ. ಚಿತ್ರಗಳನ್ನೇ ಎದುರಿಟ್ಟುಕೊಂಡರೆ ಈ ಗೆರೆ ನಿಲ್ಲುವುದಿಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹೆಂಗಸರಿದ್ದಾರೆ, ಇಪ್ಪತ್ತನೆಯ ಶತಮಾನದಲ್ಲೂ ಮುಖವೇ ಇಲ್ಲದ ಹೆಂಗಸರಿದ್ದಾರೆ. ಚಿತ್ರದ ಹೆಣ್ಣನ್ನು ತೀರ್ಮಾನಿಸಿದ್ದು ಕಾಲವೊಂದೇ ಅಲ್ಲ. ದುಡ್ಡು ಕೊಟ್ಟವರು ಯಾರು, ಚಿತ್ರ ಎಲ್ಲಿ ತೂಗಬೇಕಿತ್ತು, ಚಿತ್ರಕಾರನಿಗೆ ಯಾರನ್ನು ನೋಡುವ ಅವಕಾಶವಿತ್ತು, ಕೈಯಲ್ಲಿದ್ದ ಬಣ್ಣ ಯಾವುದು ಎಂಬ ನಾಲ್ಕು ಸಂಗತಿಗಳು ಸೇರಿ ತೀರ್ಮಾನಿಸಿದವು.

ಮುಖ ಯಾವ ಕಡೆಗೆ?

ಪ್ರಾಚೀನ ಈಜಿಪ್ಟಿನ ಗೋರಿಗಳ ಗೋಡೆಯಲ್ಲಿ ಗಂಡ-ಹೆಂಡತಿ ಜೊತೆಯಾಗಿ ಕುಳಿತಿದ್ದರೆ ಗಂಡನ ಮೈ ಕೆಂಗಂದು, ಹೆಂಡತಿಯ ಮೈ ತಿಳಿ ಹಳದಿ. ಅದು ಆ ವ್ಯಕ್ತಿಗಳ ನಿಜವಾದ ಮೈಬಣ್ಣವಲ್ಲ. ದೂರದಿಂದಲೇ ಗಂಡು ಯಾರು, ಹೆಣ್ಣು ಯಾರು ಎಂದು ಗುರುತಿಸಲು ಮಾಡಿಕೊಂಡ ಕಟ್ಟಳೆ. ಅದೇ ಈಜಿಪ್ಟಿನಲ್ಲಿ, ರೋಮನ್ನರ ಆಳ್ವಿಕೆಯ ಕಾಲದಲ್ಲಿ, ಸುಮಾರು ಕ್ರಿ.ಶ. 1ರಿಂದ 3ನೆಯ ಶತಮಾನದವರೆಗೆ, ಮಮ್ಮಿಯ ಮುಖದ ಮೇಲೆ ಇಡಲು ತೆಳ್ಳನೆಯ ಮರದ ಹಲಗೆಗಳ ಮೇಲೆ ಭಾವಚಿತ್ರ ಬರೆಯುತ್ತಿದ್ದರು. ಫಯೂಮ್ ಪ್ರದೇಶದಲ್ಲಿ ಹೆಚ್ಚಾಗಿ ಸಿಕ್ಕಿರುವುದರಿಂದ ಅವಕ್ಕೆ ಆ ಹೆಸರು ಬಂದಿದೆ. ಜೇನುಮೇಣದಲ್ಲಿ ಬಣ್ಣದ ಪುಡಿ ಬೆರೆಸಿ ಹಚ್ಚಿದ ಈ ಮುಖಗಳಲ್ಲಿ ಹೆಂಗಸರೂ ಗಂಡಸರಂತೆಯೇ ದೊಡ್ಡ ಕಣ್ಣು ತೆರೆದು ನೇರ ನಮ್ಮತ್ತ ನೋಡುತ್ತಾರೆ. ಸತ್ತವರ ಗುರುತು ಉಳಿಯಬೇಕು ಎಂಬುದೇ ಚಿತ್ರದ ಕೆಲಸವಾಗಿದ್ದುದರಿಂದ ಮುಖ ಮರೆಸುವ ಮಾತೇ ಇರಲಿಲ್ಲ. ಹೆಂಗಸರ ಜಡೆ, ತುರುಬಿನ ರೀತಿಯನ್ನು ರೋಮಿನ ರಾಣಿಯರ ಪ್ರತಿಮೆಗಳ ಕೇಶಾಲಂಕಾರದ ಜೊತೆ ಹೋಲಿಸಿ ಚಿತ್ರದ ಕಾಲವನ್ನು ಅಂದಾಜು ಮಾಡುವುದುಂಟು.

ಇಲ್ಲಿಂದ ಸಾವಿರಕ್ಕೂ ಹೆಚ್ಚು ವರ್ಷ ದಾಟಿ ಫ್ಲಾರೆನ್ಸಿಗೆ ಬಂದರೆ ಸಿರಿವಂತರ ಮನೆಯ ಹೆಣ್ಣುಮಕ್ಕಳು ಪಕ್ಕಕ್ಕೆ ತಿರುಗಿಬಿಟ್ಟಿದ್ದಾರೆ. 15ನೆಯ ಶತಮಾನದ ಆ ಪಾರ್ಶ್ವಮುಖದ ಚಿತ್ರಗಳಲ್ಲಿ ಅತಿ ಪ್ರಸಿದ್ಧವಾದದ್ದು ಗಿರ್ಲಾಂಡಾಯೊ ಬರೆದ ಜೊವಾನ್ನಾ ತೋರ್ನಬುವೋನಿಯದು. ಅದೀಗ ಮ್ಯಾಡ್ರಿಡ್‌ನಲ್ಲಿದೆ. ಎತ್ತರ 77 ಸೆಂ.ಮೀ., ಅಗಲ 49. ಚಿತ್ರದಲ್ಲಿ ನಮೂದಾಗಿರುವ ವರ್ಷ 1488. ಅದೇ ವರ್ಷ ಅವಳು ಬಸುರಿನಲ್ಲಿ ತೀರಿಕೊಂಡಳು. ನೆಟ್ಟಗೆ ನಿಂತ ಬೆನ್ನು, ಉದ್ದ ಕತ್ತು, ಎತ್ತಿ ಕಟ್ಟಿದ ಕೂದಲು. ಜರಿಯ ಬಟ್ಟೆಯನ್ನು ಹತ್ತಿರದಿಂದ ನೋಡಿದರೆ ನೇಯ್ಗೆಯಲ್ಲಿ ಗಂಡ ಲೊರೆಂಜೊನ ಹೆಸರಿನ ಮೊದಲಕ್ಷರವೂ ಅವನ ಮನೆತನದ ವಜ್ರಾಕಾರದ ಗುರುತೂ ಇವೆ. ಎದೆಯ ಮೇಲೆ ಪದಕ, ಹಿಂದಿನ ಗೂಡಿನಲ್ಲಿ ಹವಳದ ಸರ, ಪ್ರಾರ್ಥನೆಯ ಪುಸ್ತಕ. ಅವಳ ಕುತ್ತಿಗೆಯ ಹಿಂದೆ ಅಂಟಿಸಿದ ಚೀಟಿಯಲ್ಲಿರುವ ಲ್ಯಾಟಿನ್ ಸಾಲುಗಳ ತಾತ್ಪರ್ಯ ಇಷ್ಟು: ಕಲೆಗೆ ಗುಣವನ್ನೂ ಮನಸ್ಸನ್ನೂ ಬರೆಯಲು ಬರುವಂತಿದ್ದರೆ ಇದಕ್ಕಿಂತ ಚೆಲುವಾದ ಚಿತ್ರ ಭೂಮಿಯ ಮೇಲೆ ಇರುತ್ತಿರಲಿಲ್ಲ.

ಪಾರ್ಶ್ವಮುಖದಲ್ಲಿ ಕಣ್ಣು ಒಂದೇ ಕಾಣುತ್ತದೆ, ಅದೂ ನಮ್ಮನ್ನು ನೋಡುವುದಿಲ್ಲ. ಆದರೆ ಹಣೆ, ಮೂಗು, ಗಲ್ಲದ ಅಂಚು ಸ್ಪಷ್ಟವಾಗಿ ಸಿಗುತ್ತದೆ, ಒಡವೆ ಮತ್ತು ತೋಳಿನ ಕಸೂತಿ ಪೂರ್ತಿ ಕಾಣುತ್ತದೆ. ಹೆಣ್ಣಿನ ಭಾವಚಿತ್ರ ಬಹುಪಾಲು ಮದುವೆಯ ಸಂದರ್ಭಕ್ಕೆ ಸೇರಿದ್ದಾಗಿ, ಎರಡು ಮನೆತನಗಳ ಸಂಬಂಧವನ್ನು ಗೋಡೆಯ ಮೇಲೆ ಸಾರುವುದು ಅದರ ಕೆಲಸವಾಗಿದ್ದಾಗ, ಅಷ್ಟು ಸಾಕಿತ್ತು. ಗಂಡಸರ ಭಾವಚಿತ್ರ ಅಷ್ಟು ಹೊತ್ತಿಗೆ ಮುಕ್ಕಾಲು ಮುಖಕ್ಕೆ ತಿರುಗಿ ನೋಡುಗನ ಕಣ್ಣನ್ನು ಎದುರಿಸುತ್ತಿತ್ತು. ಇಲ್ಲೂ ನೇರ ಗೆರೆ ಮುರಿಯುತ್ತದೆ. ಗಿರ್ಲಾಂಡಾಯೊಗಿಂತ ಹತ್ತು-ಹದಿನೈದು ವರ್ಷ ಮೊದಲೇ, 1470ರ ದಶಕದಲ್ಲಿ, ಅದೇ ಊರಿನಲ್ಲಿ ಲಿಯೊನಾರ್ಡೊ ಜಿನೆವ್ರಾ ದೆ ಬೆಂಚಿಯನ್ನು ಮುಕ್ಕಾಲು ಮುಖದಲ್ಲಿ, ಬಯಲಿನಲ್ಲಿ, ಒಂದೇ ಒಂದು ಒಡವೆಯೂ ಇಲ್ಲದಂತೆ ಬರೆದಿದ್ದ. ಹೊಸ ದಾರಿ ಗೊತ್ತಿದ್ದ ಊರಿನಲ್ಲೇ ಮನೆತನಗಳು ಹಳೆಯ ದಾರಿಯನ್ನು ದುಡ್ಡು ಕೊಟ್ಟು ಬರೆಸಿಕೊಂಡವು.

ಮೈಬಣ್ಣ ಮಾಡುವ ಬಗೆ

ಚೆನ್ನೀನೊ ಚೆನ್ನೀನಿ ಎಂಬ ಇಟಲಿಯ ಕುಶಲಕರ್ಮಿ 1400ರ ಆಸುಪಾಸಿನಲ್ಲಿ ಚಿತ್ರಕಾರರಿಗಾಗಿ ಒಂದು ಕೈಪಿಡಿ ಬರೆದ. ಅದರಲ್ಲಿ ಗಂಡಿನ ದೇಹದ ಅಳತೆಗಳನ್ನು ಮುಖದ ಉದ್ದದ ಲೆಕ್ಕದಲ್ಲಿ ಕೊಡುತ್ತಾನೆ. ಹೆಣ್ಣಿನ ಅಳತೆಯನ್ನು ಬಿಟ್ಟುಬಿಡುತ್ತಾನೆ. ಹೆಣ್ಣಿಗೆ ಪರಿಪೂರ್ಣ ಪ್ರಮಾಣವೇ ಇಲ್ಲ ಎಂಬುದು ಅವನು ಕೊಡುವ ಕಾರಣ. ಆದರೆ ಹೆಣ್ಣಿನ ಮುಖದ ಬಣ್ಣದ ವಿಷಯಕ್ಕೆ ಬಂದರೆ ಅದೇ ಮನುಷ್ಯನ ನಿಗಾ ಮೊಟ್ಟೆಯವರೆಗೂ ಹೋಗುತ್ತದೆ. ಎಳೆಯರ ಮುಖಕ್ಕೆ ಪಟ್ಟಣದ ಕೋಳಿಯ ಮೊಟ್ಟೆಯ ಹಳದಿ ಬೇಕು, ಏಕೆಂದರೆ ಅದು ಬೆಳ್ಳಗಿರುತ್ತದೆ. ಹಳ್ಳಿಯ ಕೋಳಿಯ ಕೆಂಪು ಹಳದಿ ಮುದುಕರಿಗೂ ಕಪ್ಪು ಮೈಯವರಿಗೂ ಸರಿ.

ಆ ಕಾಲದ ಇಟಲಿಯ ಕ್ರಮ ಹೀಗಿತ್ತು. ಹಲಗೆಯ ಮೇಲೆ ಬಿಳಿ ತಳ, ಮುಖ ಬರುವ ಜಾಗಕ್ಕೆ ಹಸಿರು ಮಣ್ಣಿನ ತೆಳು ಲೇಪ, ಅದರ ಮೇಲೆ ಸಣ್ಣ ಕುಂಚದಲ್ಲಿ ಗೆರೆಗೆರೆಯಾಗಿ ಗುಲಾಬಿ ಮತ್ತು ಬಿಳಿ. ಹಸಿರು ಕೆಳಗಿದ್ದರೆ ಮೇಲಿನ ಗುಲಾಬಿಗೆ ಜೀವ ಬರುತ್ತದೆ, ನೆರಳಿನ ಭಾಗಕ್ಕೆ ತಂಪು ಬರುತ್ತದೆ. ಕೆಡುವುದೂ ಇಲ್ಲೇ. ಶತಮಾನಗಳ ಉಜ್ಜಾಟದಲ್ಲಿ, ಒರಟಾದ ಶುಚಿ ಮಾಡುವಿಕೆಯಲ್ಲಿ, ಮೇಲಿನ ತೆಳು ಗುಲಾಬಿ ಸವೆದುಹೋಗಿ ಮೇರಿಮಾತೆಯರ ಮುಖಗಳು ಇಂದು ಹಸಿರುಗಟ್ಟಿ ಕಾಣುತ್ತವೆ. ಅದನ್ನು ವಿರಾಗದ, ಕಾಯಿಲೆಯ ಅಥವಾ ದುಃಖದ ಬಣ್ಣ ಎಂದು ಅರ್ಥೈಸುವುದು ತಪ್ಪಾಗುತ್ತದೆ.

ಮೇರಿಯ ನೀಲಿ ಸೆರಗಿನ ಹಿಂದೆಯೂ ಲೆಕ್ಕಾಚಾರವಿದೆ. ಒಳ್ಳೆಯ ನೀಲಿ ಬರುತ್ತಿದ್ದುದು ಆಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಲಾಜವರ್ದ ಎಂಬ ನೀಲಿ ಕಲ್ಲಿನಿಂದ. ಗಿರ್ಲಾಂಡಾಯೊ 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯಕ್ಕೆ ಬರೆದುಕೊಡಬೇಕಿದ್ದ ಚಿತ್ರದ ಕರಾರಿನಲ್ಲಿ ನೀಲಿ ಔನ್ಸಿಗೆ ಸುಮಾರು ನಾಲ್ಕು ಫ್ಲಾರಿನ್ (ಫ್ಲಾರೆನ್ಸಿನ ಚಿನ್ನದ ನಾಣ್ಯ) ಬೆಲೆಯದ್ದಾಗಿರಬೇಕು ಎಂದೇ ನಮೂದಾಗಿದೆ. ಚಿತ್ರದಲ್ಲಿ ಯಾವ ಹೆಣ್ಣಿಗೆ ದುಬಾರಿ ನೀಲಿ, ಯಾರಿಗೆ ಅಗ್ಗದ ನೀಲಿ ಎಂಬುದನ್ನು ನೋಡಿದರೆ ಬರೆಸಿದವರ ಶ್ರದ್ಧೆಯೂ ಪ್ರತಿಷ್ಠೆಯೂ ಒಟ್ಟಿಗೇ ಕಾಣುತ್ತವೆ.

ಎಣ್ಣೆಬಣ್ಣ ಬಂದ ಮೇಲೆ ಮೈ ಬರೆಯುವ ರೀತಿಯೇ ಬದಲಾಯಿತು. ಕಪ್ಪು ತಳದ ಮೇಲೆ ಸೀಸದ ಬಿಳಿಯನ್ನು ತೆಳ್ಳಗೆ ಎಳೆದರೆ ಅದು ಬರಿ ಬೂದಿಯಾಗುವುದಿಲ್ಲ, ನೀಲಿಯತ್ತ ವಾಲುತ್ತದೆ. ಬಿಳಿಯ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ರೂಬೆನ್ಸ್ ಬರೆದ ಹೆಂಗಸರ ತೊಡೆ, ಹೊಟ್ಟೆ, ಕತ್ತಿನ ತಿರುವುಗಳಲ್ಲಿ ಕಾಣುವ ಆ ನೀಲಿಬೂದು ಚರ್ಮದಡಿಯ ರಕ್ತನಾಳವನ್ನೇ ಕಂಡಂತೆ ಭಾಸವಾಗಿಸುತ್ತದೆ. ಬೆಳಕಿನ ಭಾಗಕ್ಕೆ ದಪ್ಪ ಬಣ್ಣ, ನೆರಳಿಗೆ ತೆಳು ಬಣ್ಣ, ನಡುವೆ ಈ ನೀಲಿಬೂದು. ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ ಕೆನ್ನೆಗೆ ಬಳಸಿದ ಕೀಟಜನ್ಯ ಕೆಂಪು ಬಿಸಿಲಿಗೆ ನಿಲ್ಲದ ಬಣ್ಣ. ಅವನ ಕಣ್ಣೆದುರೇ ಅವನ ಚಿತ್ರಗಳ ಕೆನ್ನೆ ಬಿಳಿಚಿಕೊಂಡಿತು. ಇವತ್ತು ಆ ಶ್ರೀಮಂತ ಮಹಿಳೆಯರ ಪೇಲವ ಮುಖ ನೋಡಿ 18ನೆಯ ಶತಮಾನದ ಸೌಂದರ್ಯಾದರ್ಶ ಇಷ್ಟು ಬಿಳುಪಾಗಿತ್ತೆಂದು ಬರೆಯುವ ಮೊದಲು ಬಣ್ಣ ಹಾರಿದೆಯೇ ಎಂದು ವಿಚಾರಿಸಬೇಕು.

ಅಜಂತೆಗೂ ಈ ಎಚ್ಚರಿಕೆ ಬೇಕು. ಅಲ್ಲಿನ 5ನೆಯ ಶತಮಾನದ ಭಿತ್ತಿಚಿತ್ರಗಳಲ್ಲಿ ರಾಣಿ, ದಾಸಿ, ಅಪ್ಸರೆಯರ ಮೈಬಣ್ಣ ನಸುಗಪ್ಪಿನಿಂದ ಗೋಧಿಬಣ್ಣದವರೆಗೆ ಹಲವು ಛಾಯೆಗಳಲ್ಲಿದೆ. ಕಪ್ಪು ಮೈ ಕೀಳು ಸ್ಥಾನದ ಗುರುತಲ್ಲ. ಮೂಗಿನ ತುದಿ, ಕೆಳತುಟಿಯ ಮೇಲೆ ಇಟ್ಟ ಬಿಳಿಯ ಮಿಂಚುಗೆರೆ ಆ ಮೈಗಳಿಗೆ ಉಬ್ಬು ಕೊಡುತ್ತದೆ. 1920ರ ದಶಕದ ಆರಂಭದಲ್ಲಿ ನಿಜಾಮರ ಸರ್ಕಾರ ಕರೆಸಿದ ಇಟಲಿಯ ತಜ್ಞರು ಬಣ್ಣ ಉದುರದಿರಲಿ ಎಂದು ಅರಗಿನ ವಾರ್ನಿಷ್ ಹಚ್ಚಿದರು. ಅದು ಹಳದಿಗಟ್ಟಿ, ಧೂಳು ಹಿಡಿದು, ಎಷ್ಟೋ ಛಾಯೆಗಳನ್ನು ಒಂದೇ ಕಂದಿನಲ್ಲಿ ಮುಳುಗಿಸಿತು.

ಬೆತ್ತಲೆ ಯಾವಾಗ ಹಗರಣವಾಗುತ್ತದೆ?

1863ರ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಕಬಾನೆಲ್ ಎಂಬಾತ ಬರೆದ ರೋಮನ್ನರ ಪ್ರೇಮದೇವತೆ ವೀನಸ್ ಅಲೆಗಳ ಮೇಲೆ ಮೈಚಾಚಿ ಮಲಗಿದ್ದಳು. ಮೂರನೆಯ ನೆಪೋಲಿಯನ್ ಆ ಚಿತ್ರವನ್ನು ಕೊಂಡುಕೊಂಡ. ಅದೇ ವರ್ಷ ಮಾನೆ ಬರೆದು 1865ರ ಸಲೋನ್‌ನಲ್ಲಿ ತೂಗುಹಾಕಿದ ‘ಒಲಿಂಪಿಯಾ’ ಜನರನ್ನು ಎಷ್ಟು ಕೆರಳಿಸಿತೆಂದರೆ ಅದನ್ನು ಕೈಗೆಟಕದಷ್ಟು ಮೇಲೆ ಸಾಗಿಸಬೇಕಾಯಿತು. ಎರಡರಲ್ಲೂ ಬಟ್ಟೆಯಿಲ್ಲ. ಹಾಗಾದರೆ ಸಿಟ್ಟು ಯಾತಕ್ಕೆ?

ಮಾನೆ ತನ್ನ ಚಿತ್ರದ ಕಟ್ಟನ್ನು ಟಿಶಿಯನ್ 1538ರಲ್ಲಿ ಬರೆದ ‘ಉರ್ಬಿನೊದ ವೀನಸ್’ನಿಂದ ಎತ್ತಿಕೊಂಡಿದ್ದ. ಟಿಶಿಯನ್ನನ ಹೆಣ್ಣಿನ ಕಾಲಬಳಿ ನಾಯಿಮರಿ ಸುರುಳಿ ಸುತ್ತಿ ಮಲಗಿದೆ, ಕೈಯಲ್ಲಿ ಗುಲಾಬಿ, ಹಿಂದೆ ದಾಸಿಯರು ಪೆಟ್ಟಿಗೆಯಿಂದ ಬಟ್ಟೆ ತೆಗೆಯುತ್ತಿದ್ದಾರೆ. ಮಾನೆಯ ಚಿತ್ರದಲ್ಲಿ ನಾಯಿಯ ಜಾಗಕ್ಕೆ ಬೆನ್ನು ಕಮಾನಾಗಿಸಿದ ಕಪ್ಪು ಬೆಕ್ಕು ಬಂದಿದೆ. ಗಿರಾಕಿ ಕಳಿಸಿದ ಹೂಗುಚ್ಛವನ್ನು ಕಪ್ಪು ಸೇವಕಿ ಹಿಡಿದು ನಿಂತಿದ್ದಾಳೆ. ಕತ್ತಿಗೆ ಒಂದು ಕಪ್ಪು ದಾರ, ಒಂದು ಕಾಲಿನಿಂದ ಜಾರಿದ ಚಪ್ಪಲಿ, ತೊಡೆಯ ಮೇಲೆ ಬಿಗಿಯಾಗಿ ಊರಿದ ಕೈ. ಬೆಳಕು ಎದುರಿನಿಂದ ನೇರ ಬಿದ್ದಿದೆ. ಬೆಳಕಿಗೂ ನೆರಳಿಗೂ ನಡುವೆ ಚಿತ್ರಕಾರರು ರೂಢಿಯಾಗಿ ಇಡುತ್ತಿದ್ದ ಮಧ್ಯದ ಛಾಯೆಗಳನ್ನು ಮಾನೆ ತೆಗೆದುಹಾಕಿದ. ಮೈಗೆ ದುಂಡುತನ ಕೊಡುವುದು ಆ ಛಾಯೆಗಳೇ. ಅವು ಹೋದಾಗ ಮೈ ಚಪ್ಪಟೆಯಾಗಿ, ಅಂಚಿನ ಕಪ್ಪು ಗೆರೆ ಎದ್ದು ಕಂಡಿತು; ವಿಮರ್ಶಕರಿಗೆ ಅದು ಹೆಣದ ಮೈಯಂತೆ, ಕೊಳಕಾಗಿ ಕಂಡಿತು. ಇಷ್ಟರ ಮೇಲೆ ಅವಳು ನೇರವಾಗಿ ನೋಡುತ್ತಾಳೆ, ಬೆಲೆ ತಿಳಿದವಳಂತೆ, ಆಹ್ವಾನವಿಲ್ಲದೆ. ಪುರಾಣದ ಹೆಸರಿನ ಮರೆಯಲ್ಲಿ ನೋಡಲು ಬಂದ ಗೃಹಸ್ಥ ಇಲ್ಲಿ ಗಿರಾಕಿಯಾಗಿಬಿಟ್ಟ.

ರೂಪದರ್ಶಿಯಾಗಿ ಮಲಗಿದ್ದವಳು ವಿಕ್ಟೊರಿನ್ ಮ್ಯೂರಾಂ. ಬಹುಕಾಲ ಅವಳ ಬಗ್ಗೆ ಕೇವಲ ಕುಡುಕಿ, ಬೀದಿಗೆ ಬಿದ್ದವಳು ಎಂಬ ಮಾತು ಓಡಾಡಿತು. ವಾಸ್ತವದಲ್ಲಿ ಅವಳೂ ಚಿತ್ರಕಾರಳೇ. 1876ರ ಸಲೋನ್‌ನಲ್ಲಿ ಅವಳ ಚಿತ್ರ ಆಯ್ಕೆಯಾಯಿತು, ಆ ವರ್ಷ ಮಾನೆಯದು ತಿರಸ್ಕೃತವಾಯಿತು. ಸೇವಕಿಯಾಗಿ ನಿಂತವಳ ಹೆಸರು ಲೌರ್. ಮಾನೆಯ ಟಿಪ್ಪಣಿಯಲ್ಲಿ ಆ ಹೆಸರು ಉಳಿದಿದೆ.

ಆ್ಯಂಗ್ರ್ 1814ರಲ್ಲಿ ಬರೆದ ‘ದೊಡ್ಡ ಒಡಾಲಿಸ್ಕ್’ ತುರ್ಕಿಯ ಅಂತಃಪುರದ ಹೆಣ್ಣು. ಬೆನ್ನು ತೋರಿಸಿ ಮಲಗಿ ಹಿಂದಿರುಗಿ ನೋಡುತ್ತಾಳೆ. ಬೆನ್ನೆಲುಬಿನಲ್ಲಿ ಮೂರು ಮಣಿ ಹೆಚ್ಚಾಗಿವೆ ಎಂದು ಅಂದಿನ ವಿಮರ್ಶಕರು ದೂರಿದರು. 2004ರಲ್ಲಿ ವೈದ್ಯರು ಅಳೆದು ನೋಡಿ ಐದು ಹೆಚ್ಚಿವೆ ಎಂದರು. ಬೆನ್ನಿನ ಗೆರೆ ಉದ್ದವಾಗಿ, ತಡೆಯಿಲ್ಲದೆ ಹರಿಯಲಿ ಎಂದು ಆತ ಮೂಳೆಯ ಲೆಕ್ಕವನ್ನು ಬಿಟ್ಟುಕೊಟ್ಟ. ಅವನು ತುರ್ಕಿಗೆ ಹೋದವನಲ್ಲ. ಅಂತಃಪುರದೊಳಗೆ ಯಾವ ಪರಕೀಯ ಗಂಡಸಿಗೂ ಪ್ರವೇಶವಿರಲಿಲ್ಲ. ಯುರೋಪು ನಂಬಿದ ಹರೆಮ್ ಬಹುಪಾಲು ಪ್ಯಾರಿಸ್ಸಿನ ಕೋಣೆಗಳಲ್ಲಿ ಹುಟ್ಟಿದ್ದು. ಇಸ್ತಾಂಬುಲ್ಲಿನ ಉಸ್ಮಾನ್ ಹಮ್ದಿ ಬೇ ಅದೇ ಶೈಲಿಯ ಎಣ್ಣೆಬಣ್ಣದಲ್ಲಿ ತನ್ನ ಊರಿನ ಹೆಂಗಸರನ್ನು ಬರೆದಾಗ ಅವರು ಬಟ್ಟೆ ತೊಟ್ಟು ಕುಳಿತು ಪುಸ್ತಕ ಓದುತ್ತಿದ್ದರು.

ಕನ್ನಡಿಯ ಸುಳ್ಳು

ವೆಲಾಸ್ಕೆಸ್ 1650ರ ಸುಮಾರಿಗೆ ಬರೆದ, ಈಗ ಲಂಡನ್ನಿನಲ್ಲಿರುವ ವೀನಸ್ ನಮಗೆ ಬೆನ್ನು ಮಾಡಿ ಮಲಗಿದ್ದಾಳೆ. ಎದುರಿಗೆ ಮನ್ಮಥ ಕನ್ನಡಿ ಹಿಡಿದಿದ್ದಾನೆ. ಕನ್ನಡಿಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತದೆ. ತನ್ನ ಚೆಲುವನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ. ಬೆಳಕಿನ ನಿಯಮ ಅದನ್ನು ಒಪ್ಪುವುದಿಲ್ಲ. ಬೆಳಕು ಕನ್ನಡಿಗೆ ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಹೊರಳುತ್ತದೆ. ನಮಗೆ ಕನ್ನಡಿಯಲ್ಲಿ ಅವಳ ಕಣ್ಣು ಕಂಡರೆ ಅವಳಿಗೆ ಕಾಣುವುದು ನಮ್ಮ ಕಣ್ಣು. ಅಷ್ಟು ದೂರದ ಕನ್ನಡಿಯಲ್ಲಿ ಮುಖ ಅವಳ ತಲೆಗಿಂತ ಬಹಳ ಚಿಕ್ಕದಾಗಿ ಕಾಣಬೇಕಿತ್ತು. ವೆಲಾಸ್ಕೆಸ್ ಅದನ್ನೂ ದೊಡ್ಡದು ಮಾಡಿದ್ದಾನೆ. ಹೆಣ್ಣಿನ ಕೈಗೆ ಕನ್ನಡಿ ಕೊಟ್ಟು ‘ಒಣ ಅಹಂಕಾರ’ ಎಂದು ಹೆಸರಿಡುವ ನೂರಾರು ಯುರೋಪಿಯನ್ ಚಿತ್ರಗಳಲ್ಲಿ ಈ ಕೋನವನ್ನು ಪರೀಕ್ಷಿಸಿ ನೋಡಿ. ಬಹಳಷ್ಟು ಕಡೆ ಕನ್ನಡಿ ತಿರುಗಿರುವುದು ಅವಳ ಕಡೆಗಲ್ಲ, ನೋಡುಗನ ಕಡೆಗೆ. 1914ರ ಮಾರ್ಚ್ 10ರಂದು, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮೇರಿ ರಿಚರ್ಡ್‌ಸನ್ ಈ ಚಿತ್ರದ ಬೆನ್ನಿನ ಮೇಲೆ ಮಚ್ಚಿನಿಂದ ಹಲವು ಗೀರು ಹಾಕಿದಳು. ಸೆರೆಯಲ್ಲಿದ್ದ ನಾಯಕಿ ಎಮ್ಮೆಲೈನ್ ಪ್ಯಾಂಕ್‌ಹರ್ಸ್ಟ್‌ಗಾಗಿ ಮಾಡಿದ ಪ್ರತಿಭಟನೆ ಅದು. ಗೀರುಗಳನ್ನು ಈಗ ದುರಸ್ತಿ ಮಾಡಲಾಗಿದೆ.

ನೋಡಲು ಸಿಗದ ಹೆಣ್ಣು, ಬರೆಯಲು ಬಿಡದ ಹೆಣ್ಣು

ಭಾರತದ ಆಸ್ಥಾನಗಳಲ್ಲೂ ಅಡ್ಡಿ ಇದೇ. ಜನಾನಾದ, ಎಂದರೆ ಅಂತಃಪುರದ, ಹೆಂಗಸರು ಚಿತ್ರಕಾರರ ಎದುರು ಕೂರುತ್ತಿರಲಿಲ್ಲ. ಮೊಗಲ್ ಗಂಡಸರ ಭಾವಚಿತ್ರಗಳಲ್ಲಿ ನರೂಲಿ, ಜೋಲುಗಲ್ಲ, ಬೆಳ್ಳಿಗೂದಲು ಎಲ್ಲ ಇರುವಾಗ ಹೆಂಗಸರ ಮುಖ ಒಂದೇ ಅಚ್ಚಿನಲ್ಲಿರುವುದು ಇದರಿಂದ. ಅದಕ್ಕೇ 1620ರ ಸುಮಾರಿಗೆ ಅಬುಲ್ ಹಸನ್ ಬರೆದ ನೂರ್‌ಜಹಾನಳ ಚಿತ್ರ ಅಪರೂಪದ್ದು. ಗಂಡುಡುಗೆಯಂತಿರುವ ಉಡುಪು, ಪೇಟ ತೊಟ್ಟು ನಿಂತು ಕೋವಿಗೆ ಮದ್ದು ತುಂಬುತ್ತಿದ್ದಾಳೆ.

ರಾಜಸ್ಥಾನ ಮತ್ತು ಹಿಮಾಲಯದ ತಪ್ಪಲಿನ ಪಹಾಡಿ ಆಸ್ಥಾನಗಳು ಇನ್ನೊಂದು ದಾರಿ ಹಿಡಿದವು. ವ್ಯಕ್ತಿಯ ಬದಲು ಸನ್ನಿವೇಶವನ್ನು ಬರೆದವು. ಕಾವ್ಯಶಾಸ್ತ್ರದ ಎಂಟು ನಾಯಿಕೆಯರನ್ನು ಚಿಕಣಿ ಚಿತ್ರಗಳಲ್ಲಿ ಗುರುತಿಸಲು ಮುಖ ನೋಡಬಾರದು, ಸುತ್ತ ನೋಡಬೇಕು. ಇರುಳು, ಮಳೆ, ಮಿಂಚು, ಕಾಲ ಬಳಿ ಹಾವು, ಕಳಚಿಬಿದ್ದ ಗೆಜ್ಜೆ ಇದ್ದರೆ ಅಭಿಸಾರಿಕೆ. ಹಾಸಿ ಸಿಂಗರಿಸಿದ ಮಂಚವಿದ್ದು ಕಣ್ಣು ಬಾಗಿಲಿನತ್ತ ಇದ್ದರೆ ವಾಸಕಸಜ್ಜೆ. ಬೆಳಗಿನ ಹೊತ್ತು, ಎದುರಿಗೆ ತಪ್ಪಿತಸ್ಥನಂತೆ ನಿಂತ ನಲ್ಲ, ಅವಳ ಕೈ ಅವನತ್ತ ಚಾಚಿದ್ದರೆ ಖಂಡಿತೆ. ನಲ್ಲನೇ ಕೂತು ಅವಳ ಪಾದಕ್ಕೆ ಅರಗಿನ ಕೆಂಪು ಹಚ್ಚುತ್ತಿದ್ದರೆ ಸ್ವಾಧೀನಪತಿಕೆ. ಪಹಾಡಿ ಸಂಸ್ಥಾನಗಳಲ್ಲೊಂದಾದ ಬಸೋಹ್ಲಿಯಲ್ಲಿ ರಸಮಂಜರಿ ಕಾವ್ಯಕ್ಕೆ ಬರೆದ ಚಿತ್ರಗಳಲ್ಲಿ ಈ ನಾಯಿಕೆಯರ ಒಡವೆಯ ಪಚ್ಚೆಗೆ ಜೀರುಂಡೆಯ ರೆಕ್ಕೆಚಿಪ್ಪಿನ ಸಣ್ಣ ಚೂರುಗಳನ್ನೇ ಅಂಟಿಸಿದ್ದಾರೆ. ಪುಟವನ್ನು ಕೈಯಲ್ಲಿ ಹಿಡಿದು ಓರೆ ಮಾಡಿದಾಗ ಮಾತ್ರ ಅದು ಹೊಳೆಯುತ್ತದೆ. ಗೋಡೆಗೆ ತೂಗಿದಾಗ ಅರ್ಧ ಸೊಬಗು ಹೋಗುತ್ತದೆ. ಈ ಚಿತ್ರಗಳು ಹಂಬಲವನ್ನು ಹೆಣ್ಣಿನ ಕಡೆಯಿಂದ ಹೇಳುತ್ತವೆ ಎಂಬುದು ದೊಡ್ಡ ಮಾತು. ಆದರೆ ಆ ಹಂಬಲವನ್ನು ಬರೆಸಿ ಆಸ್ವಾದಿಸಿದವನು ರಾಜ ಎಂಬುದನ್ನೂ ಮರೆಯುವಂತಿಲ್ಲ.

ಯುರೋಪಿನಲ್ಲಿ ಚಿತ್ರ ಬರೆಯುವ ಹೆಣ್ಣಿಗೆ ತಡೆಯಾಗಿದ್ದು ರೂಪದರ್ಶಿಯ ಕೋಣೆ. ಪುರಾಣ, ಇತಿಹಾಸ, ಯುದ್ಧದ ದೊಡ್ಡ ಚಿತ್ರಗಳಿಗೆ ಅತ್ಯುನ್ನತ ಸ್ಥಾನ. ಅವನ್ನು ಬರೆಯಲು ಬೆತ್ತಲೆ ಮೈಯನ್ನು ವರ್ಷಗಟ್ಟಲೆ ಎದುರಿಟ್ಟುಕೊಂಡು ಅಭ್ಯಾಸ ಮಾಡಬೇಕು. ಆ ಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆರಂಭವಾದಾಗ ಸ್ಥಾಪಕ ಸದಸ್ಯರಲ್ಲಿ ಆಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್ ಇದ್ದರು. ಕೆಲವೇ ವರ್ಷಗಳಲ್ಲಿ ಜೊಫಾನಿ ಎಂಬ ಚಿತ್ರಕಾರ ಅಕಾಡೆಮಿಯ ಸದಸ್ಯರ ಗುಂಪುಚಿತ್ರ ಬರೆದ. ಕೋಣೆಯಲ್ಲಿ ಬೆತ್ತಲೆ ರೂಪದರ್ಶಿ ಇದ್ದುದರಿಂದ ಆ ಇಬ್ಬರನ್ನು ನೆಲದ ಮೇಲೆ ನಿಲ್ಲಿಸಲಿಲ್ಲ, ಗೋಡೆಗೆ ತೂಗಿದ ಎರಡು ಭಾವಚಿತ್ರಗಳಾಗಿ ಸೇರಿಸಿದ. ಮುಂದಿನ ಪೂರ್ಣ ಮಹಿಳಾ ಸದಸ್ಯೆ ಲಾರಾ ನೈಟ್ ಆಯ್ಕೆಯಾದದ್ದು 1936ರಲ್ಲಿ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1897ರಲ್ಲಿ. ಹೆಂಗಸರು ಹೂ, ಹಣ್ಣು, ಮಗು, ಮನೆಯೊಳಗಿನ ದೃಶ್ಯಗಳನ್ನೇ ಹೆಚ್ಚು ಬರೆದದ್ದಕ್ಕೆ ಅವರ ಸ್ವಭಾವ ಕಾರಣ ಎನ್ನುವವರು ಈ ವರ್ಷಗಳನ್ನು ನೋಡಬೇಕು.

ಬಿಟ್ಟ ಜಾಗದಲ್ಲೇ ಅವರು ಮಾಡಿದ ಕೆಲಸ ದೊಡ್ಡದು. ಮೇರಿ ಕಸಾಟ್ 1878ರಲ್ಲಿ ಬರೆದ ನಾಟಕಶಾಲೆಯ ಚಿತ್ರದಲ್ಲಿ ಕಪ್ಪುಡುಗೆಯ ಹೆಂಗಸು ದುರ್ಬೀನು ಹಿಡಿದು ಏನನ್ನೋ ಗಮನವಿಟ್ಟು ನೋಡುತ್ತಿದ್ದಾಳೆ. ಹಿಂದೆ ದೂರದ ಸಾಲಿನಲ್ಲಿ ಒಬ್ಬ ಗಂಡಸು ಮುಂದಕ್ಕೆ ಬಾಗಿ ತನ್ನ ದುರ್ಬೀನನ್ನು ಅವಳ ಕಡೆಗೇ ತಿರುಗಿಸಿದ್ದಾನೆ. ಅವಳು ಲೆಕ್ಕಿಸಿಲ್ಲ. ರೆನ್ವಾರ್, ತುಲೂಸ್ ಲೊಟ್ರೆಕ್‌ರಿಗೆ ರೂಪದರ್ಶಿಯಾಗಿದ್ದ ಸುಜಾನ್ ವಲದೋನ್ ನೋಡಿ ಕಲಿತು ತಾನೇ ಕುಂಚ ಹಿಡಿದಳು. 1923ರ ಅವಳ ‘ನೀಲಿ ಕೋಣೆ’ಯಲ್ಲಿ ಮಂಚದ ಮೇಲೆ ಒರಗಿದವಳು ಪೈಜಾಮ ತೊಟ್ಟು, ಬಾಯಲ್ಲಿ ಸಿಗರೇಟು ಇಟ್ಟುಕೊಂಡಿದ್ದಾಳೆ; ಟಿಶಿಯನ್‌ನಿಂದ ಬಂದ ಭಂಗಿಯೇ ಅದು, ಆದರೆ ನೋಡುಗನಿಗಾಗಿ ಕೊಟ್ಟದ್ದಲ್ಲ. ಪೌಲಾ ಮೋಡರ್ಸೋನ್ ಬೆಕರ್ 1906ರಲ್ಲಿ, ಮದುವೆಯ ವಾರ್ಷಿಕೋತ್ಸವದಂದು, ಸೊಂಟದ ಮೇಲೆ ಬಟ್ಟೆಯಿಲ್ಲದೆ, ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟು ತನ್ನನ್ನೇ ಬರೆದುಕೊಂಡಳು. ಆಗ ಅವಳು ಬಸುರಿಯಾಗಿರಲಿಲ್ಲ. ಆಲಿಸ್ ನೀಲ್ 1980ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಪಟ್ಟೆಪಟ್ಟೆಯ ಕುರ್ಚಿಯಲ್ಲಿ ಬೆತ್ತಲಾಗಿ ಕುಳಿತು ಕೈಯಲ್ಲಿ ಕುಂಚ ಹಿಡಿದ ತನ್ನ ಚಿತ್ರ ಮುಗಿಸಿದಳು. ವಯಸ್ಸಾದ ಹೆಣ್ಣಿನ ಮೈ ಅಲ್ಲಿಯವರೆಗೆ ಮಾಟಗಾತಿಯದೋ ಸಾವಿನದೋ ಸಂಕೇತವಾಗಿಯೇ ಹೆಚ್ಚು ಕಾಣಿಸಿಕೊಂಡಿತ್ತು.

ರವಿವರ್ಮನಿಂದ ಶೇರ್‌ಗಿಲ್‌ವರೆಗೆ

ದೇವಿಯ ಮುಖ ಹೇಗಿರುತ್ತದೆ ಎಂದು ಭಾರತದ ಕೋಟ್ಯಂತರ ಮನೆಗಳಿಗೆ ಕಲಿಸಿದ್ದು ರಾಜಾ ರವಿವರ್ಮ. 1894ರಲ್ಲಿ ಮುಂಬೈಯಲ್ಲಿ ಆರಂಭವಾದ ಅವನ ಮುದ್ರಣಾಲಯದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಹಲವು ಕಲ್ಲುಗಳ ಮೇಲೆ ಹಾದುಬರಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಜರುಗಿದರೆ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ, ಸೆರಗಿನ ಅಂಚು ಜೋಡಿಯಾಗುತ್ತದೆ. ಹಳೆಯ ಮುದ್ರಿತ ಲಕ್ಷ್ಮಿ, ಸರಸ್ವತಿಯರಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಸೀರೆಯುಟ್ಟ, ಯುರೋಪಿನ ನೆರಳು-ಬೆಳಕಿನಲ್ಲಿ ದುಂಡಗಾದ ದೇವತೆ ಅಲ್ಲಿಂದ ಕ್ಯಾಲೆಂಡರಿಗೆ, ರಂಗಭೂಮಿಗೆ, ಸಿನಿಮಾಕ್ಕೆ ಹರಿದಳು. ಅವನ ಶಕುಂತಲೆ ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುತ್ತಾಳೆ. ದುಷ್ಯಂತ ಚೌಕಟ್ಟಿನ ಹೊರಗಿದ್ದಾನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಗುಂಪುಚಿತ್ರದಲ್ಲಿ ಬೇರೆ ಬೇರೆ ಪ್ರಾಂತದ, ಬೇರೆ ಬೇರೆ ಉಡುಗೆಯ ಹನ್ನೊಂದು ಹೆಂಗಸರು ಒಟ್ಟಿಗೆ ಇದ್ದಾರೆ, ಆದರೆ ಒಬ್ಬರನ್ನೊಬ್ಬರು ನೋಡುವುದು ಕಡಿಮೆ. ದೇಶವನ್ನು ಹೆಣ್ಣುಗಳ ಸಾಲಾಗಿ ಕಲ್ಪಿಸಿಕೊಳ್ಳುವ ರೂಢಿಯ ಒಂದು ಬೇರು ಇಲ್ಲಿದೆ. 1905ರಲ್ಲಿ ಅಬನೀಂದ್ರನಾಥ ಠಾಕೂರ್ ನೀರುಬಣ್ಣದ ತೆಳು ಲೇಪಗಳಲ್ಲಿ, ಅನ್ನ, ಬಟ್ಟೆ, ವಿದ್ಯೆ, ಜಪಮಾಲೆ ಹಿಡಿದ ನಾಲ್ಕು ಕೈಯ ಕಾವಿಯುಡುಗೆಯ ಭಾರತಮಾತೆಯನ್ನು ಬರೆದಾಗ ಹೆಣ್ಣು ದೇಶವೇ ಆದಳು.

ಅಮೃತಾ ಶೇರ್‌ಗಿಲ್ ಪ್ಯಾರಿಸ್ಸಿನಲ್ಲಿ ಕಲಿತು ಬಂದು 1935ರಲ್ಲಿ ಬರೆದ ‘ಮೂವರು ಹುಡುಗಿಯರು’ ಈ ಎರಡು ದಾರಿಗಳನ್ನೂ ಬಿಟ್ಟುಬಿಟ್ಟಿತು. ಹಿನ್ನೆಲೆಯಲ್ಲಿ ಊರಿಲ್ಲ, ದೇವರಿಲ್ಲ, ಕಥೆಯಿಲ್ಲ. ಕೆಂಪು, ಹಸಿರು, ಮಣ್ಣುಬಣ್ಣದ ಅಗಲ ಪಟ್ಟಿಗಳಂತೆ ಉಡುಪು, ಕೆಳಗಿಳಿದ ಕಣ್ಣು, ಮಡಿಲಲ್ಲಿ ಸುಮ್ಮನೆ ಬಿದ್ದ ಕೈ. ಆ ಕೈಗಳನ್ನೇ ನೋಡಬೇಕು. ಯಾವ ಕೈಯಲ್ಲೂ ಏನೂ ಇಲ್ಲ. ಮೂವರೂ ಯಾರಿಗಾಗಿಯೂ ಭಂಗಿ ಕೊಡುತ್ತಿಲ್ಲ, ಯಾವುದಕ್ಕೋ ಕಾಯುತ್ತಿದ್ದಾರೆ. ಬಿಹಾರದ ಮಿಥಿಲೆಯ ಹೆಂಗಸರು ಮದುವೆಯ ಕೋಣೆಯ ಗೋಡೆಗೆ ತಲೆಮಾರುಗಳಿಂದ ಬರೆಯುತ್ತಿದ್ದ ಚಿತ್ರಗಳು 1960ರ ದಶಕದ ಬರಗಾಲದಲ್ಲಿ ಸಂಪಾದನೆಗೆಂದು ಕಾಗದಕ್ಕೆ ಇಳಿದ ಮೇಲೆ ಗಂಗಾದೇವಿಯಂಥವರು ತಮ್ಮ ಕಾಯಿಲೆ, ಆಸ್ಪತ್ರೆ, ಪ್ರಯಾಣವನ್ನೇ ಅದೇ ಗೆರೆಯಲ್ಲಿ ಬರೆದರು.

ಮೇಲೆ ಬಳಿದ ಬಣ್ಣ, ಅಂಟಿಸಿದ ಹೆಸರು

ಇವತ್ತು ಗೋಡೆಯ ಮೇಲೆ ಕಾಣುವ ಹೆಣ್ಣು ಮೊದಲು ಬರೆದ ಹೆಣ್ಣೇ ಆಗಿರಬೇಕಿಲ್ಲ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ವಸ್ತುಸಂಗ್ರಹಾಲಯದ ಒಂದು ಚಿತ್ರದಲ್ಲಿ ಎಳೆಯ, ಮುದ್ದು ಮುಖದ ಹೆಣ್ಣಿದ್ದಳು. ಮುಖದ ಬಿರುಕುಗಳು ಕಾಲಕ್ಕೆ ಹೊಂದದೆ ಅನುಮಾನ ಬಂದು ಎಕ್ಸ್‌ರೇ ತೆಗೆದಾಗ ಒಳಗೆ ಬೇರೆಯೇ ಮುಖ, ದೊಡ್ಡ ಕೈಗಳು ಕಂಡವು. ಎಕ್ಸ್‌ರೇಯನ್ನು ಸೀಸದ ಬಿಳಿ ತಡೆಯುತ್ತದೆ, ಆದ್ದರಿಂದ ಮೈಯ ಬೆಳಕಿನ ಭಾಗಗಳು ಫಿಲ್ಮಿನಲ್ಲಿ ಬೆಳ್ಳಗೆ ಮೂಡುತ್ತವೆ. 19ನೆಯ ಶತಮಾನದ ಬಣ್ಣ ತೆಗೆದ ಮೇಲೆ ಫ್ಲಾರೆನ್ಸನ್ನು ಆಳಿದ ಮನೆತನದ ಇಸಬೆಲ್ಲಾ ದೆ ಮೆದಿಚಿ ಹೊರಬಂದಳು: ದಪ್ಪ ಗಲ್ಲ, ಊದಿದ ಕಣ್ಣು, ವಯಸ್ಸಾದ ಮುಖ. ಕೊಳ್ಳುವವರಿಗೆ ಇಷ್ಟವಾಗಲಿ ಎಂದು ಯಾರೋ ಅವಳನ್ನು ಚೆಲುವೆ ಮಾಡಿದ್ದರು. ಆರ್ಟೆಮಿಸಿಯಾ 1616ರಲ್ಲಿ ಫ್ಲಾರೆನ್ಸಿನ ಬುವೊನರೊತಿ ಮನೆಯ ಚಾವಣಿಗೆ ಬರೆದ ಬೆತ್ತಲೆ ಹೆಣ್ಣಿಗೆ ಎಂಬತ್ತು ವರ್ಷಗಳೊಳಗೆ ಇನ್ನೊಬ್ಬ ಬಟ್ಟೆ ಬಳಿದ. ಆ ಬಟ್ಟೆಯನ್ನು ತೆಗೆದರೆ ಕೆಳಗಿನ ಬಣ್ಣವೂ ಏಳಬಹುದಾದ್ದರಿಂದ ಅದನ್ನು ಹಾಗೇ ಬಿಟ್ಟು, ಕೆಳಗಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿದರು. ಹಾರ್ಲೆಮ್‌ನ ಯೂಡಿತ್ ಲೈಸ್ಟರ್ 1660ರಲ್ಲಿ ತೀರಿಕೊಂಡ ಮೇಲೆ ಅವಳ ಚಿತ್ರಗಳು ಫ್ರಾನ್ಸ್ ಹಾಲ್ಸ್‌ನ ಹೆಸರಿನಲ್ಲಿ ಮಾರಾಟವಾದವು. 1893ರಲ್ಲಿ, ಹೆಸರಿನ ಎರಡಕ್ಷರದ ಜೊತೆ ನಕ್ಷತ್ರವಿರುವ ಅವಳ ಸಹಿಯನ್ನು ಗುರುತಿಸಿದ ಮೇಲಷ್ಟೇ ಅವು ಅವಳಿಗೆ ಮರಳತೊಡಗಿದವು.

ಆದ್ದರಿಂದ ಚಿತ್ರದ ಮುಂದೆ ನಿಂತಾಗ ಪಕ್ಕದ ಫಲಕವನ್ನು ಕೊನೆಗೆ ಓದಿ. ಮೊದಲು ಕಣ್ಣು ಎತ್ತ ನೋಡುತ್ತಿದೆ, ಕೈ ಏನು ಮಾಡುತ್ತಿದೆ ಎಂದು ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ, ಅವಳ ಮೈಮೇಲೆ ಬೀಳುವ ಬೆಳಕೇ ಪಕ್ಕದ ವಸ್ತುಗಳ ಮೇಲೂ ಬೀಳುತ್ತಿದೆಯೇ ಎಂದು ಹೋಲಿಸಿ. ನೀವು ನಿಂತ ಜಾಗ ಚಿತ್ರದೊಳಗೆ ಯಾರ ಜಾಗ ಎಂದು ಕೇಳಿಕೊಳ್ಳಿ. ಓರೆಯಾಗಿ ನಿಂತು ಮೇಲ್ಮೈ ನೋಡಿ, ಒಂದು ಭಾಗದ ಹೊಳಪು ಉಳಿದದ್ದಕ್ಕಿಂತ ಬೇರೆಯಾಗಿದ್ದರೆ ಅಲ್ಲಿ ಆಮೇಲೆ ಕೈಯಾಡಿರಬಹುದು. ಫಲಕ ಓದುವಾಗ ಶೀರ್ಷಿಕೆ ಚಿತ್ರಕಾರರದೋ, ನಂತರದವರು ಇಟ್ಟದ್ದೋ ಎಂಬುದನ್ನು ವಿಚಾರಿಸಿ. ಮಾರಿ ಗಿಯೆಮಿನ್ ಬೆನ್ವಾ ಎಂಬಾಕೆ 1800ರಲ್ಲಿ ಬರೆದ, ಲೂವ್ರ್‌ನಲ್ಲಿರುವ ಕಪ್ಪು ಹೆಣ್ಣಿನ ಚಿತ್ರಕ್ಕೆ ಎರಡು ಶತಮಾನ ಬರಿಯ ಜನಾಂಗದ ಹೆಸರೇ ಶೀರ್ಷಿಕೆಯಾಗಿತ್ತು. ಬಿಳಿ ಬಟ್ಟೆ, ಕೆಂಪು ಪಟ್ಟಿ, ನೀಲಿ ಶಾಲು, ನೇರ ನೋಟ. ಗ್ವಾಡಲೂಪ್ ದ್ವೀಪದಿಂದ ಚಿತ್ರಕಾರಳ ಬಂಧುಗಳ ಜೊತೆ ಬಂದ ಸೇವಕಿ ಅವಳು. 2019ರಲ್ಲಿ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನದಲ್ಲಿ ಆ ಫಲಕದ ಮೇಲೆ ಅವಳ ಹೆಸರು ಬಂತು: ಮಾಡ್‌ಲೆನ್.